ಹೃದಯ ಪರೀಕ್ಷೆ: ಸರದಿಯಲ್ಲಿ ಮೊದಲು ನಿಲ್ಲಬೇಕಾದವರು ಯಾರು?

2025 ರ ಜುಲೈ ತಿಂಗಳ ಮೊದಲ ದಿನಗಳಲ್ಲಿ ಗುಂಡ್ಲುಪೇಟೆಯಿಂದ ಮೈಸೂರಿಗೆ ಹೊರಡುವ ನಸುಕಿನ ಬಸ್ಸುಗಳಲ್ಲಿ ಆಸ್ಪತ್ರೆಗೆಂದು ಹೊರಟಿದ್ದ ಅನೇಕರು ರೋಗಿಗಳಾಗಿರಲಿಲ್ಲ, ಭಯಪಟ್ಟವರಾಗಿದ್ದರು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20 ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ದಿನಬೆಳಗಾದರೆ ಪತ್ರಿಕೆಗಳಲ್ಲಿ, ದೂರದರ್ಶನ ವಾಹಿನಿಗಳಲ್ಲಿ ಬರುತ್ತಿತ್ತು. ಸತ್ತವರಲ್ಲಿ ಯುವಕರೂ ಇದ್ದರು. ಚಾಮರಾಜನಗರ ಜಿಲ್ಲೆಯಿಂದಲೂ ಆ ವರ್ಷ ಶಾಲಾ ಮಕ್ಕಳ ಹಠಾತ್ ಸಾವಿನ ವರದಿಗಳು ಬಂದಿದ್ದವು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟಿ ನಿಂತರು. ಎದೆನೋವು ಇದ್ದವರು, ಇಲ್ಲದವರು, ಮಗನ ಬಲವಂತಕ್ಕೆ ಬಂದ ತಂದೆ, ಹೆಂಡತಿಯ ಕಣ್ಣೀರಿಗೆ ಬಂದ ಗಂಡ, ಎಲ್ಲರ ಬೇಡಿಕೆಯೂ ಒಂದೇ ಆಗಿತ್ತು: ‘ನಮಗೂ ಒಂದು ಸಲ ಟೆಸ್ಟ್ ಮಾಡಿಬಿಡಿ.’ ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿಯೊಂದನ್ನು ರಚಿಸಿತು. ಹಾಸನದಲ್ಲಿ ಹೃದ್ರೋಗದ ಸಾವುಗಳು ಅಸಹಜವಾಗಿ ಏರಿಲ್ಲವೆಂದು ಸಮಿತಿ ಅದೇ ತಿಂಗಳು ವರದಿ ನೀಡಿತು. ಕ್ರಮೇಣ ಸಾಲು ಕರಗಿತು.

ಅದೇ ದಿನಗಳಲ್ಲಿ ಗುಂಡ್ಲುಪೇಟೆಯ ಸುತ್ತಲಿನ ಹೊಲಗಳಲ್ಲಿ ಚೆಂಡುಹೂವಿನ ಕೊಯ್ಲು ನಡೆದಿತ್ತು. ಕೇರಳದಿಂದ ಬಂದ ಪ್ರವಾಸಿಗರು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಹಳದಿ ಹೊಲಗಳ ನಡುವೆ ಚಿತ್ರ ತೆಗೆಸಿಕೊಳ್ಳುತ್ತಿದ್ದರು. ತೆರಕಣಾಂಬಿ ಕಡೆ ಪರಿಚಿತರೊಬ್ಬರ ಹೊಲಕ್ಕೆ ಹೋಗಿದ್ದಾಗ, ಅಲ್ಲಿ ಹೂ ಬಿಡಿಸಲು ಬಂದಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಚೀಲ ಇಳಿಸಿ ಬದುವಿನ ಮೇಲೆ ಎದೆ ಹಿಡಿದು ಕುಳಿತದ್ದನ್ನು ಕಂಡೆ. ವಿಚಾರಿಸಿದಾಗ ಆಕೆ ಹೇಳಿದ್ದು ಇಷ್ಟು: ‘ಚೀಲ ಹೊತ್ಕಂಡು ದಿಣ್ಣ ಹತ್ವಾಗ ಎದ ಹಿಡ್ಕಂಡಂಗಾಯ್ತದ ಸಾ, ವಸಿ ಹೊತ್ತು ಕುಂತ್ಕಂಡ್ರ ಸರಿಹೋಯ್ತದ. ಗ್ಯಾಸ್ಟ್ರಿಕ್ಕು ಅಂತ ಮಾತ್ರ ಕೊಟ್ಟವ್ರ.’ ಎಷ್ಟು ದಿನದಿಂದ ಎಂದರೆ, ಶಿವರಾತ್ರಿಯಿಂದ.

1768 ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಎಂಬಾತ ತನ್ನ ಸಹವೈದ್ಯರ ಮುಂದೆ ಹೊಸದೊಂದು ಕಾಯಿಲೆಯನ್ನು ವಿವರಿಸಿದ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಎದೆಯನ್ನು ಅಮುಕಿದಂತಾಗಿ, ನಿಂತ ಕೂಡಲೇ ಮಾಯವಾಗುವ ಆ ನೋವಿಗೆ ಆತ ಆಂಜೈನಾ ಎಂದು ಹೆಸರಿಟ್ಟ. ಎರಡೂವರೆ ಶತಮಾನದ ಬಳಿಕವೂ ಹೃದ್ರೋಗದ ಪಠ್ಯಪುಸ್ತಕಗಳು ಆ ವರ್ಣನೆಯನ್ನೇ ಆಧರಿಸಿವೆ. ತೆರಕಣಾಂಬಿಯ ಹೊಲದಲ್ಲಿ ನಾನು ಕೇಳಿದ್ದು ಅದರ ಗ್ರಾಮ್ಯ ಪಾಠವಷ್ಟೆ. ಆದರೆ ಆಕೆ ಮೈಸೂರಿನ ಆ ಸಾಲಿನಲ್ಲಿ ಇರಲಿಲ್ಲ. ಕೂಲಿ ಬಿಟ್ಟು ಹೋಗುವ ಯೋಚನೆಯೂ ಆಕೆಗಿರಲಿಲ್ಲ. ಪರೀಕ್ಷೆಯ ಅಗತ್ಯ ತೀರ ಕಡಿಮೆ ಇದ್ದವರು ಸಾಲಿನ ಮುಂದೆ, ಅಗತ್ಯ ತೀರ ಹೆಚ್ಚಿದ್ದವರು ಸಾಲಿನಲ್ಲೇ ಇಲ್ಲ. ಅರ್ಥಶಾಸ್ತ್ರ ಓದಿದವನಿಗೆ ಇದು ಪರಿಚಿತ ದೃಶ್ಯ. ಪಡಿತರದಲ್ಲಿ, ಸಾಲ ವಿತರಣೆಯಲ್ಲಿ, ಕೊಳವೆಬಾವಿ ಮಂಜೂರಾತಿಯಲ್ಲಿ ಕಂಡದ್ದೇ ಇಲ್ಲಿಯೂ ಕಾಣುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ತಪ್ಪಿದ ಹಂಚಿಕೆಗೆ ಜೀವ ತೆರಬೇಕಾಗುತ್ತದೆ.

ಹೃದಯವನ್ನು ಶ್ರಮಕ್ಕೆ ಒಡ್ಡಿ ಅದರ ಸ್ಥಿತಿಯನ್ನು ಚಿತ್ರದಲ್ಲಿ ನೋಡುವ ಪರೀಕ್ಷೆಗಳು ನಿಜವಾಗಿ ಏನನ್ನು ಹೇಳುತ್ತವೆ, ಏನನ್ನು ಹೇಳಲಾರವು ಎಂಬುದನ್ನು ತಿಳಿಯದೆ ಈ ಹಂಚಿಕೆಯನ್ನು ಸರಿಪಡಿಸಲಾಗದು. ನಾಲೆ ನೀರಿನ ತಕರಾರುಗಳನ್ನು ವರ್ಷಗಟ್ಟಲೆ ವಿಚಾರಿಸಿದ ನನಗೆ ಇದರ ತತ್ತ್ವ ಅರ್ಥವಾದದ್ದು ಸುವರ್ಣಾವತಿ ಜಲಾಶಯದಂಥ ಕಡೆಯ ಉದಾಹರಣೆಯಿಂದ. ಬೇಡಿಕೆ ಕಡಿಮೆ ಇರುವ ದಿನಗಳಲ್ಲಿ ನಾಲೆಯಲ್ಲಿ ಹೂಳು ತುಂಬಿದ್ದರೂ ಕೊನೆಯ ಗದ್ದೆಯವರೆಗೆ ನೀರು ಹರಿಯುತ್ತದೆ. ಯಾರಿಗೂ ಹೂಳಿನ ಸುಳಿವು ಸಿಗುವುದಿಲ್ಲ. ನಾಟಿಯ ಕಾಲದಲ್ಲಿ ಎಲ್ಲ ತೂಬುಗಳೂ ಒಮ್ಮೆಲೇ ತೆರೆದಾಗ ಮಾತ್ರ ಕೊನೆಯ ಗದ್ದೆ ಒಣಗುತ್ತದೆ, ಅರ್ಜಿ ಕಚೇರಿಗೆ ಬರುತ್ತದೆ. ಹೃದಯದ ರಕ್ತನಾಳಗಳೂ ಹೀಗೆಯೇ. ನಾಳವೊಂದು ಶೇ 80 ರಷ್ಟು ಕಿರಿದಾದರೂ ವಿಶ್ರಾಂತಿಯಲ್ಲಿ ಹೃದಯದ ಸ್ನಾಯುವಿಗೆ ಸಾಕಷ್ಟು ರಕ್ತ ದೊರೆಯುತ್ತಿರುತ್ತದೆ. ಆದರೆ ಏರು ಹತ್ತುವಾಗ ಆರೋಗ್ಯವಂತ ನಾಳವು ನಾಲ್ಕೈದು ಪಟ್ಟು ಹೆಚ್ಚು ರಕ್ತ ಹರಿಸಬಲ್ಲದು. ಅರ್ಧ ಮುಚ್ಚಿದ ನಾಳಕ್ಕೆ ಅದು ಆಗದು. ಆದ್ದರಿಂದಲೇ ಮಂಚದ ಮೇಲೆ ಮಲಗಿಸಿ ತೆಗೆದ ಇಸಿಜಿ ‘ನಾರ್ಮಲ್’ ಎಂದು ಬಂದರೂ ಎದೆಬಿಗಿತದ ರೋಗಿಗೆ ಅದು ಅಭಯಪತ್ರವಲ್ಲ. ಹೊಲದ ಆ ಹೆಂಗಸಿನ ಬಳಿಯೂ ಅಂಥದೊಂದು ಇಸಿಜಿ ಚೀಟಿ ಇತ್ತು.

ಹಿಂದಿನವರಿಗೆ ಈ ಪರೀಕ್ಷೆಯನ್ನು ಬೆಟ್ಟಗಳೇ ಮಾಡುತ್ತಿದ್ದವು. ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ನಡೆದು ಹತ್ತುವಾಗ, ತಾಳಬೆಟ್ಟದಿಂದ ಮಲೆ ಮಹದೇಶ್ವರನ ಸನ್ನಿಧಿಗೆ ಕಾಲ್ನಡಿಗೆಯಲ್ಲಿ ಹೋಗುವಾಗ ಯಾರಿಗೆ ಏದುಸಿರು ಬರುತ್ತದೆ, ಯಾರು ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚು ಕಡೆ ಕೂತರು ಎಂಬುದು ಜೊತೆಯವರಿಗೆ ತಿಳಿಯುತ್ತಿತ್ತು. ಈಗ ಗೋಪಾಲಸ್ವಾಮಿ ಬೆಟ್ಟದ ನೆತ್ತಿಗೇ ಸಾರಿಗೆ ಸಂಸ್ಥೆಯ ಬಸ್ಸು ಹೋಗುತ್ತದೆ. ಭಕ್ತರಿಗೆ ಅನುಕೂಲವಾಯಿತು, ನಿಜ. ಬೆಟ್ಟ ಕೊಡುತ್ತಿದ್ದ ಮುನ್ನೆಚ್ಚರಿಕೆ ತಪ್ಪಿತು.

ಆಸ್ಪತ್ರೆಯ ಟ್ರೆಡ್‌ಮಿಲ್ ಎಂದರೆ ಅಳತೆಗೆ ಒಳಪಟ್ಟ ಬೆಟ್ಟ. ಜನರ ಬಾಯಲ್ಲಿ ಟಿಎಂಟಿ ಎಂದೇ ಹೆಸರಾದ ಈ ಪರೀಕ್ಷೆಯ ಪ್ರಚಲಿತ ಕ್ರಮವನ್ನು ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ 1963 ರಲ್ಲಿ ಪ್ರಕಟಿಸಿದರು. ಗಂಟೆಗೆ 2.7 ಕಿ.ಮೀ. ವೇಗದಲ್ಲಿ, ಶೇ 10 ರ ಏರಿನಲ್ಲಿ ಆರಂಭವಾಗಿ, ಮೂರು ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತ ಹೋಗುತ್ತವೆ. ಅದೇ 1963 ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ವೈದ್ಯಕೀಯ ಸೇವೆ ಏಕೆ ಸಾಮಾನ್ಯ ಸರಕಿನಂತಲ್ಲ ಎಂಬ ಪ್ರಸಿದ್ಧ ಪ್ರಬಂಧ ಬರೆದದ್ದು ಕಾಕತಾಳೀಯವಿರಬಹುದು. ಕೊಳ್ಳುವವನಿಗೆ ತನಗೇನು ಬೇಕೆಂದು ಗೊತ್ತಿರುವುದಿಲ್ಲ. ಮಾರುವವನೇ ಸಲಹೆಗಾರನೂ ಆಗಿರುತ್ತಾನೆ. ಈ ಎರಡು ಬರಹಗಳೂ ಮುಖಾಮುಖಿಯಾಗುವ ಸ್ಥಳವೇ ನಮ್ಮ ಇಂದಿನ ಟಿಎಂಟಿ ಕೊಠಡಿ.

ಬಹಳ ಮಂದಿ ಟಿಎಂಟಿಯನ್ನು ಪಾಸು, ಫೇಲು ಎಂಬ ಲೆಕ್ಕದಲ್ಲಿ ನೋಡುತ್ತಾರೆ. ‘ಪಾಸಿಟಿವ್ ಬಂದಿದೆಯಂತೆ’ ಎಂದು ಊರಿಡೀ ಪಿಸುಗುಟ್ಟುವುದು ಇದರಿಂದಲೇ. ಆದರೆ ಈ ಪರೀಕ್ಷೆಯ ನಿಜವಾದ ಬೆಲೆ ಮುಂದಿನ ವರ್ಷಗಳ ಅಪಾಯವನ್ನು ಅಂದಾಜಿಸುವುದರಲ್ಲಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ರೂಪಿಸಿದ ಸರಳ ಸೂತ್ರವೊಂದಿದೆ. ನಡೆದ ನಿಮಿಷಗಳಿಂದ, ಇಸಿಜಿಯ ಎಸ್‌ಟಿ ಭಾಗ ಎಷ್ಟು ಮಿಲಿಮೀಟರ್ ಕುಸಿಯಿತೋ ಅದರ ಐದು ಪಟ್ಟನ್ನು ಕಳೆಯಬೇಕು. ನಡೆಯುವಾಗ ಎದೆನೋವು ಬಂದರೆ 4, ನೋವಿನಿಂದ ಪರೀಕ್ಷೆಯನ್ನೇ ನಿಲ್ಲಿಸಬೇಕಾದರೆ 8 ಅಂಕ ಮತ್ತೆ ಕಳೆಯಬೇಕು. ಒಂಬತ್ತು ನಿಮಿಷ ನಿರಾಯಾಸವಾಗಿ ನಡೆದವರಿಗೆ 9 ಅಂಕ. ನಾಲ್ಕೇ ನಿಮಿಷ ನಡೆದು, 2 ಮಿಲಿಮೀಟರ್ ಕುಸಿತ ಕಂಡು, ನೋವಿನಿಂದ ನಿಂತವರಿಗೆ ಋಣ 14. 1991 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 5 ಅಥವಾ ಹೆಚ್ಚು ಅಂಕ ಪಡೆದ ಹೊರರೋಗಿಗಳಲ್ಲಿ ಶೇ 99 ರಷ್ಟು ಮಂದಿ ನಾಲ್ಕು ವರ್ಷಗಳ ನಂತರ ಬದುಕಿದ್ದರು. ಋಣ 11 ಅಥವಾ ಅದಕ್ಕೂ ಕೆಳಗಿನವರಲ್ಲಿ ಶೇ 79. ಗಮನಿಸಬೇಕಾದದ್ದು, ಸೂತ್ರದಲ್ಲಿ ಮೊದಲು ಬರುವುದು ನಡೆದ ನಿಮಿಷಗಳು. 2002 ರಲ್ಲಿ 6,213 ಪುರುಷರನ್ನು ಕುರಿತ ಮತ್ತೊಂದು ಅಧ್ಯಯನವೂ ಅದನ್ನೇ ಹೇಳಿತು: ಎಷ್ಟು ಶ್ರಮಪಡಬಲ್ಲರು ಎಂಬುದೇ ಅವರ ಆಯುಸ್ಸಿನ ಅತ್ಯಂತ ಬಲವಾದ ಸೂಚಕ. ವರದಿಯಲ್ಲಿ ಆ ನಿಮಿಷಗಳ ಸಂಖ್ಯೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಕೇಳುವ ರೋಗಿಯನ್ನು ನಾನು ಇದುವರೆಗೆ ಕಂಡಿಲ್ಲ.

ಇಸಿಜಿಯ ಗೆರೆಗಳಿಗೆ ಮಿತಿಗಳಿವೆ. ಹೃದಯಕ್ಕೆ ರಕ್ತ ಕಡಿಮೆಯಾದಾಗ ಮೊದಲು ಸ್ನಾಯುವಿನ ಆ ಭಾಗ ಒಣಗುತ್ತದೆ, ನಂತರ ಅದರ ಚಲನೆ ಮಂದವಾಗುತ್ತದೆ, ಅನಂತರ ಇಸಿಜಿ ಬದಲಾಗುತ್ತದೆ, ಎಲ್ಲಕ್ಕಿಂತ ಕೊನೆಗೆ ನೋವು. ಚಿತ್ರಣ ಪರೀಕ್ಷೆಗಳು ಈ ಸರಪಳಿಯ ಮೊದಲ ಕೊಂಡಿಗಳನ್ನೇ ಹಿಡಿಯುತ್ತವೆ. ಸ್ಟ್ರೆಸ್ ಎಕೋದಲ್ಲಿ ಶ್ರಮದ ಮೊದಲು ಹಾಗೂ ಶ್ರಮದ ಉತ್ತುಂಗದಲ್ಲಿ ಹೃದಯದ ಗೋಡೆಗಳ ಚಲನೆಯನ್ನು ಶಬ್ದತರಂಗಗಳಿಂದ ನೋಡಿ ಹೋಲಿಸುತ್ತಾರೆ. ಮಂಡಿನೋವಿನಿಂದ ನಡೆಯಲಾಗದವರಿಗೆ ಡೊಬುಟಮಿನ್ ಎಂಬ ಔಷಧಿಯನ್ನು ಹನಿಹನಿಯಾಗಿ ನೀಡಿ ಹೃದಯವನ್ನು ಮಲಗಿದಲ್ಲೇ ಬೆಟ್ಟ ಹತ್ತಿಸುತ್ತಾರೆ. ನ್ಯೂಕ್ಲಿಯರ್ ಸ್ಕ್ಯಾನಿನಲ್ಲಿ ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಸೇರಿಸಿ, ಸ್ನಾಯುವಿನ ಯಾವ ಭಾಗಕ್ಕೆ ಅದು ತಲುಪಲಿಲ್ಲ ಎಂಬುದನ್ನು ಗ್ಯಾಮಾ ಕ್ಯಾಮೆರಾ ಚಿತ್ರಿಸುತ್ತದೆ. ಈ ಟೆಕ್ನೀಷಿಯಂ ಆರು ಗಂಟೆಗೊಮ್ಮೆ ಅರ್ಧವಾಗುತ್ತ ಹೋಗುವ ಸರಕು. ಅದನ್ನು ದಾಸ್ತಾನು ಮಾಡಿಡಲಾಗದು. ಅದನ್ನು ನೀಡುವ ಜನರೇಟರನ್ನು ಮೇಲಿಂದ ಮೇಲೆ ತರಿಸಿಕೊಳ್ಳಬೇಕು, ದಿನಕ್ಕೆ ಸಾಕಷ್ಟು ರೋಗಿಗಳಿರಬೇಕು, ವಿಕಿರಣ ಸುರಕ್ಷತೆಯ ಪರವಾನಗಿ ಬೇಕು. ಇಂಥ ಯಂತ್ರ ದೊಡ್ಡ ನಗರಗಳಲ್ಲಿ ಇರುವುದೇ ಸರಿ. ಸ್ಟ್ರೆಸ್ ಎಕೋಗೆ ಈ ಯಾವ ತಾಪತ್ರಯವೂ ಇಲ್ಲ. ಎಕೋ ಯಂತ್ರ, ಟ್ರೆಡ್‌ಮಿಲ್ ಅಥವಾ ಔಷಧಿ, ತುರ್ತು ಚಿಕಿತ್ಸೆಯ ಸಿದ್ಧತೆ ಇದ್ದರೆ ಸಾಕು. ಬೇಕಾದದ್ದು ಪಳಗಿದ ಕಣ್ಣು. ಅದೇ ಕಷ್ಟದ್ದು.

ಈ ಚಿತ್ರಗಳು ನೀಡುವ ಮುನ್ಸೂಚನೆ ಸಾಮಾನ್ಯವಾದುದಲ್ಲ. ಲಾಸ್ ಏಂಜಲೀಸ್‌ನ ತಜ್ಞರು 5,183 ರೋಗಿಗಳನ್ನು ಹಿಂಬಾಲಿಸಿ 1998 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕ್ಯಾನ್ ಸಹಜವಾಗಿದ್ದವರಲ್ಲಿ ಹೃದ್ರೋಗದಿಂದ ಸತ್ತವರು ವರ್ಷಕ್ಕೆ ಶೇ ಅರ್ಧಕ್ಕಿಂತ ಹೆಚ್ಚಿರಲಿಲ್ಲ. ತೀವ್ರ ದೋಷ ಕಂಡವರಲ್ಲಿ ಅದು ಶೇ 3 ರ ಸಮೀಪವಿತ್ತು. ಸಹಜವಾದ ಸ್ಟ್ರೆಸ್ ಎಕೋ ಕೂಡ ಹೆಚ್ಚುಕಡಿಮೆ ಇಂಥದೇ ಭರವಸೆ ನೀಡುತ್ತದೆ. ಹೃದ್ರೋಗ ತಜ್ಞರು ಇದನ್ನು ಗಡಿಯಾರದ ಅಂಗಡಿಯವರಂತೆ ‘ವಾರಂಟಿ’ ಎಂದೇ ಕರೆಯುವುದುಂಟು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹಿಂದೊಮ್ಮೆ ಹೃದಯಾಘಾತ ಆದವರಿಗೆ ವಾರಂಟಿಯ ಅವಧಿ ಕಡಿಮೆ.

ಇಷ್ಟೊಂದು ಒಳ್ಳೆಯ ಪರೀಕ್ಷೆಯಾದರೆ ಜುಲೈ ತಿಂಗಳಲ್ಲಿ ಸಾಲುಗಟ್ಟಿದ ಎಲ್ಲರಿಗೂ ಮಾಡಿಬಿಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರ ಹೇಳಲು ಚಾಮರಾಜನಗರಕ್ಕಿಂತ ತಕ್ಕ ಊರಿಲ್ಲ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ನಂಬಿಕೆ ದಶಕಗಳ ಕಾಲ ವಿಧಾನಸೌಧವನ್ನು ಕಾಡಿತು. 1997 ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೂ ಎಷ್ಟೋ ಕಾರ್ಯಕ್ರಮಗಳಿಗೆ ಮುಖ್ಯಮಂತ್ರಿಗಳು ಬರಲಿಲ್ಲ. ಬಂದವರು ಕುರ್ಚಿ ಕಳೆದುಕೊಂಡದ್ದು ಸುಳ್ಳೇನಲ್ಲ. ಆದರೆ ಕರ್ನಾಟಕದಲ್ಲಿ ಐದು ವರ್ಷ ಪೂರೈಸಿದ ಮುಖ್ಯಮಂತ್ರಿಗಳು ಬೆರಳೆಣಿಕೆಯಷ್ಟು. ಚಾಮರಾಜನಗರಕ್ಕೆ ಬಾರದವರೂ ಕುರ್ಚಿ ಕಳೆದುಕೊಂಡಿದ್ದಾರೆ! ಸಿದ್ದರಾಮಯ್ಯನವರು 2013 ರಿಂದ 2018 ರ ಅವಧಿಯಲ್ಲಿ ಹಲವು ಬಾರಿ ಬಂದುಹೋಗಿಯೂ ಅವಧಿ ಪೂರೈಸಿದರು. ಯಾವುದೇ ಸೂಚನೆಯನ್ನು ನಂಬುವ ಮೊದಲು, ಆ ಸೂಚನೆ ಇಲ್ಲದಿದ್ದರೂ ಘಟನೆ ನಡೆಯುವ ಸಂಭವ ಎಷ್ಟಿತ್ತು ಎಂದು ಕೇಳಬೇಕು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪಾದ್ರಿ ಥಾಮಸ್ ಬೇಯ್ಸ್ ಕಲಿಸಿದ ಪಾಠ ಇದೇ. ಹೃದಯ ಪರೀಕ್ಷೆಗೂ ಇದು ಅನ್ವಯಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 1989 ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಟಿಎಂಟಿ ರೋಗವಿರುವ 100 ಮಂದಿಯಲ್ಲಿ 68 ಮಂದಿಯನ್ನು ಗುರುತಿಸುತ್ತದೆ. ರೋಗವಿಲ್ಲದ 100 ಮಂದಿಯಲ್ಲಿ 77 ಮಂದಿಯನ್ನು ನಿರ್ದೋಷಿಗಳೆನ್ನುತ್ತದೆ, ಉಳಿದ 23 ಮಂದಿಯ ಮೇಲೆ ಸುಳ್ಳು ಆರೋಪ ಹೊರಿಸುತ್ತದೆ. ಭಯದಿಂದ ಸಾಲಿನಲ್ಲಿ ನಿಂತ, ಯಾವ ಲಕ್ಷಣವೂ ಇಲ್ಲದ 1,000 ಮಂದಿಯಲ್ಲಿ 50 ಮಂದಿಗೆ ನಿಜವಾಗಿ ರೋಗವಿದೆ ಎಂದುಕೊಳ್ಳಿ. ಟಿಎಂಟಿ 34 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ. ಜೊತೆಗೆ ಆರೋಗ್ಯವಂತರಾದ 950 ಮಂದಿಯಲ್ಲಿ ಸುಮಾರು 218 ಮಂದಿಗೂ ‘ಪಾಸಿಟಿವ್’ ಎನ್ನುತ್ತದೆ. ಅಂದರೆ ಚೀಟಿ ಹಿಡಿದು ಅಳುತ್ತ ಮನೆಗೆ ಬಂದ ಏಳೆಂಟು ಮಂದಿಯಲ್ಲಿ ಒಬ್ಬನಿಗೆ ಮಾತ್ರ ನಿಜವಾದ ರೋಗ. ಅದೇ ಹೊಲದ ಹೆಂಗಸಿನಂತೆ ಶ್ರಮದಲ್ಲಿ ಎದೆಬಿಗಿತ ಬರುವ 1,000 ಮಂದಿಯನ್ನು ತೆಗೆದುಕೊಳ್ಳಿ. ಅವರಲ್ಲಿ ಅರ್ಧದಷ್ಟು ಮಂದಿಗೆ ರೋಗವಿದೆ ಎನ್ನಿ. ಪಾಸಿಟಿವ್ ಆದ 455 ಮಂದಿಯಲ್ಲಿ 340 ಮಂದಿಗೆ ನಿಜವಾಗಿಯೂ ರೋಗವಿರುತ್ತದೆ. ಯಂತ್ರ ಅದೇ, ತಂತ್ರಜ್ಞ ಅದೇ. ಆದರೂ ಫಲಿತಾಂಶದ ಅರ್ಥವೇ ಬೇರೆ. ಈ ಎರಡನೆಯ ಗುಂಪಿನಲ್ಲಿ 160 ಮಂದಿ ರೋಗಿಗಳು ‘ನೆಗೆಟಿವ್’ ಚೀಟಿಯೊಂದಿಗೆ ಮರಳುತ್ತಾರೆಂಬುದನ್ನೂ ಮರೆಯುವಂತಿಲ್ಲ. ಚಿತ್ರಣ ಪರೀಕ್ಷೆಯ ಅಗತ್ಯ ಬೀಳುವುದು ಅವರಿಗೆ.

ಈ 218 ಎಂಬ ಸಂಖ್ಯೆಗೆ ಮುಖವೊಂದಿದೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ನಿವೃತ್ತಿಯ ಮರುವರ್ಷ ಯಾವುದೋ ಶಿಬಿರದಲ್ಲಿ ಟಿಎಂಟಿ ಮಾಡಿಸಿಕೊಂಡರು. ದಿನಕ್ಕೆ ಐದಾರು ಕಿ.ಮೀ. ನಡೆಯುತ್ತಿದ್ದ ಮನುಷ್ಯ, ಎದೆಯಲ್ಲಿ ಎಂದೂ ನೋವಿಲ್ಲ. ಚೀಟಿಯಲ್ಲಿ ‘ಪಾಸಿಟಿವ್’ ಎಂದಿತ್ತು. ಮೂರನೆಯ ದಿನ ಆಂಜಿಯೋಗ್ರಾಂ, ಅದೇ ಮೇಜಿನ ಮೇಲೆ ಸ್ಟೆಂಟ್; ‘ಯಾವಾಗ ಬೇಕಾದರೂ ಆಗಬಹುದಿತ್ತು’ ಎಂಬ ಮಾತು. ಉಳಿತಾಯ ಸಾಲದೆ ಹೆಂಡತಿಯ ಬಳೆಗಳು ಗಿರವಿಗೆ ಹೋದವು. ಅವರಿಗೆ ಆ ಸ್ಟೆಂಟ್ ಬೇಕಿತ್ತೋ ಇಲ್ಲವೋ ತೀರ್ಪು ಕೊಡಲು ನಾನು ವೈದ್ಯನಲ್ಲ. ಆದರೆ ಎಷ್ಟು ನಿಮಿಷ ನಡೆದಿರಿ ಎಂದು ಕೇಳಿದಾಗ, ‘ಹನ್ನೊಂದು ನಿಮಿಷ, ಅವರೇ ಸಾಕು ಅಂದರು’ ಎಂದರು. ಆ ಹನ್ನೊಂದು ನಿಮಿಷದ ಬಗ್ಗೆ ಅವರೊಂದಿಗೆ ಯಾರೂ ಮಾತನಾಡಿರಲಿಲ್ಲ. ಈಗ ಅವರು ನಡೆಯಲು ಹೆದರುತ್ತಾರೆ.

ಲಕ್ಷಣವಿಲ್ಲದವರನ್ನು ಹುಡುಕಿ ಹುಡುಕಿ ಸ್ಕ್ಯಾನ್ ಮಾಡುವುದರಿಂದ ಪ್ರಯೋಜನವಿದೆಯೇ ಎಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿಯೂ ನೋಡಿದ್ದಾರೆ. ಸಕ್ಕರೆ ಕಾಯಿಲೆಯಿದ್ದು ಹೃದ್ರೋಗದ ಲಕ್ಷಣವಿಲ್ಲದ 1,123 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿದ ಅಧ್ಯಯನದ ಫಲಿತಾಂಶ 2009 ರಲ್ಲಿ ಹೊರಬಂತು. ಐದು ವರ್ಷಗಳ ಸಮೀಪದ ಅವಧಿಯಲ್ಲಿ ಎರಡೂ ಗುಂಪುಗಳಲ್ಲಿ ಹೃದಯಾಘಾತ ಮತ್ತು ಸಾವು ಒಂದೇ ಪ್ರಮಾಣದಲ್ಲಿದ್ದವು. ಇದಕ್ಕೊಂದು ದೈಹಿಕ ಕಾರಣವೂ ಇದೆ. ಹಠಾತ್ ಹೃದಯಾಘಾತಕ್ಕೆ ಎಷ್ಟೋ ಸಲ ಕಾರಣವಾಗುವುದು ಬಹಳ ಕಿರಿದಾದ ನಾಳವಲ್ಲ; ಅರ್ಧದಷ್ಟೂ ಮುಚ್ಚಿರದ ಜಾಗದಲ್ಲಿ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟುವುದು. ಅಂಥ ಜಾಗ ಪರೀಕ್ಷೆಯ ದಿನ ರಕ್ತವನ್ನು ಧಾರಾಳವಾಗಿ ಹರಿಸುತ್ತಿರುತ್ತದೆ. ‘ಮೊನ್ನೆ ತಾನೆ ಟಿಎಂಟಿ ಮಾಡಿಸಿದ್ದರು, ಏನೂ ಇರಲಿಲ್ಲ’ ಎಂದು ಸಾವಿನ ಮನೆಯಲ್ಲಿ ಕೇಳಿಬರುವ ಮಾತು ವೈದ್ಯರ ಅಲಕ್ಷ್ಯಕ್ಕೆ ಸಾಕ್ಷಿಯೆಂದು ಭಾವಿಸಬೇಕಿಲ್ಲ. ಇನ್ನು ಎಳೆಯ ಮಕ್ಕಳ ಹಠಾತ್ ಸಾವಿಗೆ ಹುಟ್ಟಿನಿಂದ ಬಂದ ದೋಷಗಳು, ಹೃದಯ ಬಡಿತದ ಲಯದ ತೊಂದರೆಗಳು ಮುಖ್ಯ ಕಾರಣಗಳು. ಅವರ ಅಪ್ಪಂದಿರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರೆ ಅವು ತಿಳಿಯುವುದಿಲ್ಲ.

ರೋಗ ಇರುವವರಲ್ಲಾದರೂ ಚಿತ್ರ ಕಂಡ ತಕ್ಷಣ ಸ್ಟೆಂಟ್ ಹಾಕಬೇಕೇ? 2020 ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಎಂಬ ಪ್ರಯೋಗ ಈ ಪ್ರಶ್ನೆಯನ್ನೇ ಕೇಳಿತು. ಭಾರತವೂ ಸೇರಿದಂತೆ 37 ದೇಶಗಳ, ಶ್ರಮಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ದೋಷ ಕಂಡ 5,179 ಮಂದಿ ಅದರಲ್ಲಿದ್ದರು. ಒಂದು ಗುಂಪಿಗೆ ಔಷಧಿಯ ಜೊತೆ ಆಂಜಿಯೋಗ್ರಾಂ, ಅಗತ್ಯವಿದ್ದಂತೆ ಸ್ಟೆಂಟ್ ಅಥವಾ ಬೈಪಾಸ್. ಇನ್ನೊಂದಕ್ಕೆ ಮೊದಲಿಗೆ ಔಷಧಿ ಮಾತ್ರ. ಮೂರು ವರ್ಷಕ್ಕೂ ಮೀರಿದ ಅವಧಿಯಲ್ಲಿ ಮೊದಲ ಗುಂಪಿನಲ್ಲಿ 145, ಎರಡನೆಯದರಲ್ಲಿ 144 ಸಾವುಗಳು. ಎಡ ಮುಖ್ಯನಾಳ ಮುಚ್ಚಿದವರನ್ನು, ಹೃದಯದ ಶಕ್ತಿ ತೀರ ಕುಂದಿದವರನ್ನು ಈ ಪ್ರಯೋಗದಿಂದ ಹೊರಗಿಟ್ಟಿದ್ದರೆಂಬುದನ್ನು ಹೇಳಲೇಬೇಕು. ಅವರ ವಿಷಯ ಬೇರೆ. ಹೃದಯಾಘಾತ ಆಗುತ್ತಿರುವ ಹೊತ್ತಿನಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ವಿವಾದವಿಲ್ಲ. ಆಗಾಗ ಎದೆನೋವಿನಿಂದ ಬಳಲುವವರಿಗೂ ಅದು ಹೆಚ್ಚಿನ ನೆಮ್ಮದಿ ತಂದಿತು. ಆದರೆ ಸ್ಥಿರವಾದ ರೋಗದಲ್ಲಿ ಚಿತ್ರದ ಕಲೆಯನ್ನು ಕಂಡು ಬೆದರಿ ರಾತ್ರೋರಾತ್ರಿ ಜಮೀನು ಮಾರಬೇಕಾದ ತುರ್ತು ಇಲ್ಲ. ಆ ಕಲೆ ಮೊದಲು ಹೇಳುವುದು ಆಸ್ಪಿರಿನ್, ಸ್ಟ್ಯಾಟಿನ್, ರಕ್ತದೊತ್ತಡದ ಮಾತ್ರೆಗಳನ್ನು ಬಿಡದೆ ನುಂಗಬೇಕೆಂದು, ಬೀಡಿ ಬಿಡಬೇಕೆಂದು. ಈ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ತಪ್ಪದೆ ಸಿಗುವಂತೆ ನೋಡಿಕೊಳ್ಳುವುದು ಯಾವ ಉದ್ಘಾಟನಾ ಸಮಾರಂಭಕ್ಕೂ ವಿಷಯವಾಗುವುದಿಲ್ಲ.

ಬಡವರ ಹೃದಯ ಬೇರೆಯದೇನಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20 ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿ 2008 ರಲ್ಲಿ ಪ್ರಕಟಿಸಿದ ವರದಿ ಇದನ್ನು ಮನಗಾಣಿಸುತ್ತದೆ. ಒಂದು ತಿಂಗಳೊಳಗಿನ ಸಾವು ಬಡವರಲ್ಲಿ ಶೇ 8.2, ಶ್ರೀಮಂತರಲ್ಲಿ ಶೇ 5.5. ದೊರೆತ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಅಳಿಸಿಹೋಯಿತು. ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆ ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ, ರಕ್ತ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುತ್ತಾರೆ. 2021 ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಆ ನಟನ ತಂದೆಯ ಊರು ಇದೇ ಗಡಿನಾಡಿನದು. ಆದರೆ ಹೃದಯ ಜ್ಯೋತಿ ಆಘಾತದ ಗಳಿಗೆಗೆ ಮೀಸಲು. ಆಘಾತಕ್ಕೆ ಮೊದಲು ಶಿವರಾತ್ರಿಯಿಂದ ಆಷಾಢದವರೆಗೆ ಎದೆ ಹಿಡಿದು ಕೂರುವವರು, ಆಘಾತದ ನಂತರ ಊರಿಗೆ ಮರಳಿ ‘ಇನ್ನು ಹೊಲಕ್ಕಿಳಿಯಬಹುದೇ’ ಎಂದು ಕೇಳುವವರು ಅದರ ವ್ಯಾಪ್ತಿಯಲ್ಲಿಲ್ಲ.

ವಿಮೆಯ ವ್ಯವಸ್ಥೆಯೂ ತಲೆಕೆಳಗಾಗಿದೆ. 2018 ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಒಳರೋಗಿ ಚಿಕಿತ್ಸೆ ಕೊಡಿಸುತ್ತದೆ. ಸ್ಟೆಂಟ್ ಅದರಲ್ಲಿದೆ. ಹೊರರೋಗಿಯಾಗಿ ಬಂದು, ಸ್ಟೆಂಟ್ ಬೇಕೇ ಬೇಡವೇ ಎಂದು ತಿಳಿಯಲು ಮಾಡಿಸುವ ಪರೀಕ್ಷೆ ಅದರ ಮೂಲ ಉದ್ದೇಶದಲ್ಲಿಲ್ಲ. 2017 ರ ಫೆಬ್ರುವರಿಯಲ್ಲಿ ಕೇಂದ್ರವು ಔಷಧಿ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹೇರಿದ್ದು ಶ್ಲಾಘನೀಯ ಕ್ರಮವೇ ಆಗಿತ್ತು. ಅದು ವಸ್ತುವಿನ ಬೆಲೆಯನ್ನು ಇಳಿಸಿತು, ಬೇಡವಾದ ವಸ್ತುವಿನ ಮಾರಾಟವನ್ನು ತಡೆಯಲಿಲ್ಲ. ಹತ್ತು ಮಂದಿಗೆ ಸ್ಟ್ರೆಸ್ ಎಕೋ ಮಾಡಿಸಿ ಅವರಲ್ಲಿ ಒಬ್ಬರ ಅನಗತ್ಯ ಸ್ಟೆಂಟ್ ತಪ್ಪಿದರೂ ಬೊಕ್ಕಸಕ್ಕೆ ನಷ್ಟವಾಗಲಾರದೆಂದು ನನ್ನ ಅಂದಾಜು. ಹಣಕಾಸು ಇಲಾಖೆಯ ಕಡತಗಳನ್ನು ಬಲ್ಲವರಿಗೆ ಈ ಲೆಕ್ಕ ಏಕೆ ಹಿಡಿಸುವುದಿಲ್ಲವೆಂಬುದೂ ಗೊತ್ತು: ತಪ್ಪಿದ ಖರ್ಚಿಗೆ ಲೆಕ್ಕಶೀರ್ಷಿಕೆ ಇಲ್ಲ.

ಚಾಮರಾಜನಗರದಲ್ಲಿ 2016 ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು 2021 ರ ಅಕ್ಟೋಬರ್‌ನಲ್ಲಿ ಉದ್ಘಾಟಿಸಿದರು. ಗುಂಡ್ಲುಪೇಟೆಯಿಂದ ಅಲ್ಲಿಗಿರುವ ದಾರಿ ಮೈಸೂರಿನ ದಾರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ವಾರದಲ್ಲಿ ಗೊತ್ತಾದ ಎರಡು ದಿನ ಅಲ್ಲಿ ಸ್ಟ್ರೆಸ್ ಎಕೋ ನಡೆಯಲಿ. ಜಯದೇವದಂಥ ಸಂಸ್ಥೆಯಲ್ಲಿ ಪಳಗಿದ ಕಣ್ಣು ಆ ಚಿತ್ರಗಳನ್ನು ಮೈಸೂರಿನಿಂದಲೇ ಮರುಪರಿಶೀಲಿಸಲಿ. ಹೃದಯ ಜ್ಯೋತಿಗೆ ಇಸಿಜಿ ದೂರ ಪಯಣಿಸಬಹುದಾದರೆ ಎಕೋ ಚಿತ್ರವೂ ಪಯಣಿಸಬಹುದು. ಅಲ್ಲಿಗೆ ಯಾರನ್ನು ಕಳಿಸಬೇಕೆಂದು ತೀರ್ಮಾನಿಸಲು ಯಂತ್ರ ಬೇಕಿಲ್ಲ. ನೋವು ಎದೆಯ ನಡುವೆ ಅಮುಕಿದಂತೆ ಇದೆಯೇ, ಶ್ರಮದಿಂದ ಬರುತ್ತದೆಯೇ, ಕೂತರೆ ಕೆಲವೇ ನಿಮಿಷಗಳಲ್ಲಿ ಹೋಗುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯೂ ಕೇಳಬಲ್ಲರು. ಮೂರಕ್ಕೂ ಹೌದೆಂದವರಿಗೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುವ ಪದ್ಧತಿ ನಿಲ್ಲಬೇಕು. ಹೆಂಗಸರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅವರಲ್ಲಿ ಬರೀ ಟಿಎಂಟಿಯ ಸುಳ್ಳು ಪಾಸಿಟಿವ್ ಹೆಚ್ಚು. ಹೊಲದಲ್ಲಿ ದಿನವಿಡೀ ದುಡಿಯುವಾಕೆಯೂ ಸೀರೆಯುಟ್ಟು, ಬರಿಗಾಲಲ್ಲಿ, ಜಾರುವ ಪಟ್ಟಿಯ ಮೇಲೆ, ಅಪರಿಚಿತ ಗಂಡಸರ ಮುಂದೆ ಎರಡು ನಿಮಿಷಕ್ಕೇ ‘ಸಾಕು’ ಎನ್ನುವುದುಂಟು. ವರದಿಯಲ್ಲಿ ಅದು ‘ಅಪೂರ್ಣ’ ಎಂದು ದಾಖಲಾಗಿ ಅಲ್ಲಿಗೆ ಮುಗಿಯುತ್ತದೆ.

ತೆರಕಣಾಂಬಿಯ ಆ ಹೆಂಗಸಿಗೂ ಹಾಗೆಯೇ ಆಯಿತು. ಹೂವಿನ ಕೊಯ್ಲು ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ, ಹೊಲದ ಒಡೆಯರೇ ಆಕೆಯನ್ನು ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಟ್ರೆಡ್‌ಮಿಲ್ ಮೇಲೆ ನಿಲ್ಲಲಾಗಲಿಲ್ಲ. ಪುಣ್ಯಕ್ಕೆ ಅಲ್ಲಿದ್ದ ಯುವ ವೈದ್ಯೆ ಅಷ್ಟಕ್ಕೇ ಬಿಡದೆ ಮರುದಿನ ಔಷಧಿ ನೀಡಿ ಎಕೋ ಮಾಡಿದರು. ಹೃದಯದ ಮುಂಗೋಡೆಯ ಒಂದು ಭಾಗ ಶ್ರಮದಲ್ಲಿ ಮಂದವಾಗುತ್ತಿತ್ತು. ನಾಲ್ಕು ಬಗೆಯ ಮಾತ್ರೆ ಬರೆದುಕೊಟ್ಟು, ನೋವು ಹೆಚ್ಚಿದರೆ ಕೂಡಲೇ ಬರಬೇಕೆಂದು, ಕಡಿಮೆಯಾದರೆ ಮಾತ್ರೆ ಬಿಡಬಾರದೆಂದು ಎರಡೆರಡು ಸಲ ಹೇಳಿ ಕಳಿಸಿದರು. ಈಗ ದಿಣ್ಣೆ ಹತ್ತುವಾಗ ಮೊದಲಿನಷ್ಟು ತೊಂದರೆ ಇಲ್ಲವಂತೆ. ಮರುತಪಾಸಣೆಗೆ ಬರಬೇಕಾದ ತಿಂಗಳನ್ನು ಚೀಟಿಯ ಕೆಳಗೆ ಬರೆದಿದ್ದಾರೆ: ಜುಲೈ. ‘ಆಗ ಹೂವ ಇರ್ತದಲ್ಲ ಸಾ’ ಎಂದು ಆಕೆ ಚೀಟಿಯನ್ನು ಮಡಿಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು.